ಮ್ಯಾಕ್ರೋ ಪದಗಳನ್ನು ಕಲಿಯಲು ಎಕ್ಸೆಲ್, ಕ್ಯಾಲ್ಕ್, ಗೂಗಲ್ ಶೀಟ್ಸ್: ಯಾವುದು ಸುಲಭ?

ಆಬ್ಜೆಕ್ಟ್, ಪ್ರಾಪರ್ಟಿ, ಮೆಥಡ್. ಮ್ಯಾಕ್ರೋ, ಅಂದರೆ ಶೀಟ್‌ನಲ್ಲಿ ನಾವು ಮಾಡುವ ಕೆಲಸವನ್ನು ತಾನೇ ಮಾಡುವ ಕೋಡ್, ಕಲಿಯಲು ಕೂತವರು ಜಾಸ್ತಿ ತಡವರಿಸುವುದು ಈ ಮೂರು ಪದಗಳ ಹತ್ತಿರ. ಇವನ್ನು ಯಾವುದು ಚೆನ್ನಾಗಿ ಅರ್ಥ ಮಾಡಿಸುತ್ತದೆ ಅಂತ ನೋಡಲು, ಒಂದೇ ಕೆಲಸವನ್ನು ಎಕ್ಸೆಲ್, ಗೂಗಲ್ ಶೀಟ್ಸ್, ಕ್ಯಾಲ್ಕ್ ಮೂರರಲ್ಲೂ ರೆಕಾರ್ಡ್ ಮಾಡಿದೆ (ನಾವು ಮಾಡಿದ್ದನ್ನು ರೆಕಾರ್ಡರ್ ಕೋಡ್ ಆಗಿ ಬರೆದುಕೊಳ್ಳುತ್ತದೆ): ಒಂದು ಸೆಲ್ಲನ್ನು ಬೋಲ್ಡ್ ಮಾಡುವುದು, ಆಮೇಲೆ ಅದರಲ್ಲಿ ಇರುವುದನ್ನು ಅಳಿಸುವುದು.

ಎಕ್ಸೆಲ್‌ನಲ್ಲಿ ಆಲ್ಟ್ ಮತ್ತು ಎಫ್11 ಒತ್ತಿದರೆ ಕೋಡ್ ಕಾಣುತ್ತದೆ. ಬೋಲ್ಡ್ ಮಾಡಿದ್ದಕ್ಕೆ ಅದು ಬರೆದ ಸಾಲು: ಸೆಲೆಕ್ಷನ್.ಫಾಂಟ್.ಬೋಲ್ಡ್ = ಟ್ರೂ. ಅಳಿಸಿದ್ದಕ್ಕೆ: ಸೆಲೆಕ್ಷನ್.ಕ್ಲಿಯರ್‌ಕಂಟೆಂಟ್ಸ್. ಈ ಎರಡು ಸಾಲನ್ನು ನಿಧಾನವಾಗಿ ನೋಡಿ. ನಾವು ಆರಿಸಿದ ಸೆಲ್ ಒಂದು ವಸ್ತು, ಅಂದರೆ ಆಬ್ಜೆಕ್ಟ್, ಅದರೊಳಗಿನ ಫಾಂಟ್ ಇನ್ನೊಂದು. ಬೋಲ್ಡ್ ಅನ್ನುವುದು ಅದರ ಗುಣ, ಅಂದರೆ ಪ್ರಾಪರ್ಟಿ. ಅದಕ್ಕೆ ಒಂದು ಬೆಲೆ (ವ್ಯಾಲ್ಯೂ, ಇಲ್ಲಿ ಟ್ರೂ) ಕೊಡಬೇಕು, ಹಾಗಾಗಿ ಸಮ ಚಿಹ್ನೆ ಇದೆ. ಕ್ಲಿಯರ್‌ಕಂಟೆಂಟ್ಸ್ ಒಂದು ಕೆಲಸ, ಅಂದರೆ ಮೆಥಡ್. ಅಲ್ಲಿ ಸಮ ಚಿಹ್ನೆ ಇಲ್ಲ. ಇಷ್ಟು ಕಣ್ಣಿಗೆ ಬಿದ್ದರೆ ಮುಂದಿನ ದಾರಿ ಸಲೀಸು. ಎಫ್8 ಒತ್ತುತ್ತಾ ಹೋದರೆ ಮುಂದೆ ಓಡಬೇಕಾದ ಸಾಲು ಹಳದಿಯಾಗುತ್ತದೆ. ಯಾವ ಸಾಲು ಏನು ಮಾಡಿತು ಅಂತ ಶೀಟ್‌ನಲ್ಲೇ ನೋಡಬಹುದು.

ಗೂಗಲ್ ಶೀಟ್ಸ್‌ನ ರೆಕಾರ್ಡರ್ ಜಾವಾಸ್ಕ್ರಿಪ್ಟ್ ಬರೆಯುತ್ತದೆ. ಬೋಲ್ಡ್‌ಗೆ ಸೆಟ್‌ಫಾಂಟ್‌ವೇಟ್, ಅಳಿಸಲು ಕ್ಲಿಯರ್, ಎರಡಕ್ಕೂ ಆವರಣ ಚಿಹ್ನೆ, ಅಂದರೆ ಎರಡೂ ಮೆಥಡ್. ಗುಣ ಬದಲಿಸುವುದಕ್ಕೂ ಮೆಥಡ್ಡೇ ಬೇಕು. ಕೋಡ್ ಓದಲು ಚೆನ್ನಾಗಿದೆ, ಆದರೆ ಪ್ರಾಪರ್ಟಿಗೂ ಮೆಥಡ್‌ಗೂ ಇರುವ ವ್ಯತ್ಯಾಸ ಹೊಸಬರಿಗೆ ಇಲ್ಲಿ ಸಿಗುವುದಿಲ್ಲ. ಇಂಗ್ಲಿಷ್ ಅಕ್ಷರ ಕ್ಯಾಪಿಟಲ್ಲೋ ಸ್ಮಾಲೋ ಅನ್ನುವುದನ್ನೂ ಗಮನಿಸಬೇಕು. ಮುಂದೆ ವೆಬ್ ಕೆಲಸ ಕಲಿಯುವವರಿಗೆ ಇದೇ ಸರಿ, ಜಾವಾಸ್ಕ್ರಿಪ್ಟ್ ಅಲ್ಲೂ ಬೇಕಾಗುತ್ತದೆ.

ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ರೆಕಾರ್ಡರ್ ಮೊದಲಿಗೆ ಕಾಣುವುದೇ ಇಲ್ಲ, ಆಪ್ಷನ್ಸ್‌ನ ಅಡ್ವಾನ್ಸ್ಡ್ ಪುಟದಲ್ಲಿ ಆನ್ ಮಾಡಬೇಕು. ಅದು ಬರೆಯುವ ಕೋಡ್‌ನಲ್ಲಿ ಡಿಸ್ಪ್ಯಾಚರ್ ಅನ್ನುವುದಕ್ಕೆ ಮೆನು ಆಜ್ಞೆಗಳನ್ನು ಕಳಿಸುವ ಸಾಲುಗಳೇ ತುಂಬಿರುತ್ತವೆ. ಸೆಲ್, ಫಾಂಟ್ ಯಾವುದೂ ಆಬ್ಜೆಕ್ಟ್ ಆಗಿ ಎದುರಿಗೆ ಬರುವುದಿಲ್ಲ. ಪದ ಕಲಿಯಲು ಈ ರೆಕಾರ್ಡರ್ ಬೇಡ ಅಂತಲೇ ಹೇಳುತ್ತೇನೆ. ಕೈಯಿಂದ ಬರೆಯಲು ಕ್ಯಾಲ್ಕ್ ಏನೂ ಕಡಿಮೆಯಿಲ್ಲ. ಸೆಲ್ಲನ್ನು ಅದರ ಜಾಗ ಹೇಳಿ ಹಿಡಿಯುವ ಗೆಟ್‌ಸೆಲ್‌ಬೈಪೊಸಿಷನ್‌ನಲ್ಲಿ ಎಣಿಕೆ 0ಯಿಂದ ಶುರು, ಕಾಲಂ ಮೊದಲು, ಅಡ್ಡಸಾಲು (ರೋ) ಆಮೇಲೆ, ಅಷ್ಟು ನೆನಪಿದ್ದರೆ ಸಾಕು.

ವೇರಿಯಬಲ್ (ಬೆಲೆ ಇಟ್ಟುಕೊಳ್ಳಲು ನಾವು ಕೊಡುವ ಹೆಸರು), ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದು), ಇಫ್ (ಹೀಗಿದ್ದರೆ ಹೀಗೆ ಮಾಡು ಅನ್ನುವುದು) ಮಾತ್ರ ಯಾವ ರೆಕಾರ್ಡರೂ ಕಲಿಸುವುದಿಲ್ಲ. ಮಾಡಿದ್ದನ್ನು ಮಾಡಿದಷ್ಟೇ ಬರೆಯುವುದು ಅದರ ಕೆಲಸ, ಅಲ್ವಾ? ಹತ್ತು ಸೆಲ್ಲನ್ನು ಒಂದೊಂದಾಗಿ ಬೋಲ್ಡ್ ಮಾಡಿದರೆ ಹತ್ತು ಸಲ ಅದನ್ನೇ ಬರೆಯುತ್ತದೆ. ಅದನ್ನು ಅಳಿಸಿ ಫಾರ್, ನೆಕ್ಸ್ಟ್ ಅನ್ನುವ ಲೂಪ್ ಹಾಕಿ ನಾವೇ ಬರೆಯಬೇಕು. ಆಗ ಮಾಡ್ಯೂಲ್‌ನ (ಕೋಡ್ ಬರೆಯುವ ಪುಟದ) ತಲೆಯಲ್ಲಿ ಆಪ್ಷನ್ ಎಕ್ಸ್‌ಪ್ಲಿಸಿಟ್ ಇರಲಿ. ವೇರಿಯಬಲ್ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಎಕ್ಸೆಲ್ ಅಲ್ಲೇ ನಿಲ್ಲಿಸಿ ಹೇಳುತ್ತದೆ.

ಹಾಗಾಗಿ ನನ್ನ ಆಯ್ಕೆ ಎಕ್ಸೆಲ್, ಅದೂ ಕಂಪ್ಯೂಟರ್‌ಗೆ ಹಾಕಿಕೊಳ್ಳುವ ಎಕ್ಸೆಲ್. ಬ್ರೌಸರ್‌ನಲ್ಲಿ ತೆರೆಯುವ ಎಕ್ಸೆಲ್‌ನಲ್ಲಿ ವಿಬಿಎ, ಅಂದರೆ ಎಕ್ಸೆಲ್ ಮ್ಯಾಕ್ರೋ ಬರೆಯುವ ಭಾಷೆ, ಓಡುವುದಿಲ್ಲ. ದುಡ್ಡು ಕೊಟ್ಟು ಕೊಳ್ಳುವುದು ಬೇಡ ಅನ್ನುವವರು ಕ್ಯಾಲ್ಕ್‌ನಲ್ಲೇ ಮಾಡ್ಯೂಲ್‌ನ ಮೊದಲ ಸಾಲಿಗೆ ಆಪ್ಷನ್ ವಿಬಿಎಸಪೋರ್ಟ್ 1 ಅಂತ ಬರೆಯಿರಿ. ರೇಂಜ್‌ನಂಥ ಎಕ್ಸೆಲ್ ಪದಗಳಲ್ಲಿ ಎಷ್ಟೋ ಅಲ್ಲೂ ನಡೆಯುತ್ತವೆ.