ಕ್ರೈಸ್ತ ಕಾಲೇಜುಗಳಲ್ಲಿ ಎನ್ನೆಸ್ಸೆಸ್: ತಾಸು ತುಂಬುತ್ತದೆ, ಕಟ್ಟ ನಿಲ್ಲುತ್ತದೆಯೇ?

ಸರಕಾರಿ ಚೌಕಟ್ಟಾದರೂ ಎನ್ನೆಸ್ಸೆಸ್ (ವಿದ್ಯಾರ್ಥಿಗಳ ರಾಷ್ಟ್ರೀಯ ಸೇವಾ ಯೋಜನೆ) ಕ್ರೈಸ್ತ ಕಾಲೇಜುಗಳಿಗೆ ಚೆನ್ನಾಗಿಯೇ ಒಗ್ಗಿದೆ. ಗಾಂಧಿ ಜನ್ಮಶತಾಬ್ದಿಯ 1969ರಲ್ಲಿ ಶುರುವಾದ ಯೋಜನೆ. ಎರಡು ವರ್ಷದಲ್ಲಿ 240 ತಾಸು ಸೇವೆ, ಜೊತೆಗೆ 7 ದಿನದ ವಿಶೇಷ ಶಿಬಿರ. ಯೋಜನಾಧಿಕಾರಿ, ಹಾಜರಿ ಪುಸ್ತಕ, ಪ್ರಮಾಣಪತ್ರ ಎಲ್ಲವೂ ಸಿದ್ಧ. ಐದಕ್ಕೆ ಮೂರೂವರೆ ಕೊಡಬಹುದು. ಒಂದೂವರೆ ಕಳೆದದ್ದೇಕೆಂದರೆ, ಅದು ಲೆಕ್ಕ ಇಡುವುದು ತಾಸನ್ನು, ಕೆಲಸವನ್ನಲ್ಲ.

ದಕ್ಷಿಣ ಕನ್ನಡದ ಶಿಬಿರಗಳಲ್ಲಿ ಮಾಡುವ ಕಟ್ಟದ ಕೆಲಸವನ್ನೇ ನೋಡಿ. ಕಟ್ಟವೆಂದರೆ ತೋಡಿಗೆ (ಸಣ್ಣ ಹಳ್ಳಕ್ಕೆ) ಅಡ್ಡಲಾಗಿ ಮಣ್ಣಿನ ಚೀಲ ಪೇರಿಸಿ ನೀರು ನಿಲ್ಲಿಸುವ ತಾತ್ಕಾಲಿಕ ಒಡ್ಡು. ತೋಡಿನ ಸೆಳೆತ ಇಳಿಯುವ ನವೆಂಬರ್ ಕೊನೆ, ಡಿಸೆಂಬರ್ ಮೊದಲ ವಾರ ಅದಕ್ಕೆ ಸರಿಯಾದ ಹೊತ್ತು. ಕ್ರಿಸ್‌ಮಸ್ ರಜೆಗೆ ತಳ್ಳಿದಿರೋ, ಕ್ರೈಸ್ತ ಮಕ್ಕಳು ಮನೆಗೆ ಹೊರಟಿರುತ್ತಾರೆ, ತೋಡೂ ಸೊರಗಿರುತ್ತದೆ. ಖಾಲಿ ಸಿಮೆಂಟ್ ಚೀಲಕ್ಕೆ ಮುಕ್ಕಾಲು ಭಾಗ ಮಾತ್ರ ಮಣ್ಣು ತುಂಬಿ ಬಾಯಿ ಹೊಲಿಯಬೇಕು. ಬಾಯಿತನಕ ತುಂಬಿದ ಚೀಲ ಒತ್ತಿ ಕೂರುವುದಿಲ್ಲ, ಸಂದಿಯಲ್ಲಿ ನೀರು ಸೋರುತ್ತದೆ. ತಳದ ಸಡಿಲ ಮರಳು ಕೆರೆದು ಗಟ್ಟಿ ನೆಲ ಸಿಕ್ಕ ಮೇಲೆಯೇ ಮೊದಲ ಸಾಲು. ಮೇಲಿನ ಚೀಲ ಕೆಳಗಿನೆರಡರ ಸಂದಿಯ ಮೇಲೆ ಬರಬೇಕು. ದಡವನ್ನು ತುಸು ಅಗೆದು ಚೀಲ ಒಳಸೇರಿಸದಿದ್ದರೆ ನೀರು ಪಕ್ಕದಿಂದ ಕೊರೆದುಕೊಂಡು ಹೋಗುತ್ತದೆ. ನೀರು ನಿಲ್ಲುವ ಬದಿಗೆ ಟಾರ್ಪಾಲು, ನಡುವೆ ಹೆಚ್ಚಿನ ನೀರು ದಾಟಲು ತಗ್ಗು. ವರದಿಯ ಫೋಟೊದಲ್ಲಿ ಇದ್ಯಾವುದೂ ಕಾಣದು, ಬ್ಯಾನರ್ ಕಾಣುತ್ತದೆ!

ಈ ಕೊರತೆಯನ್ನು ಜೆಸ್ವಿಟ್ (ಯೇಸು ಸಭೆ ಎಂಬ ಕ್ಯಾಥೊಲಿಕ್ ಗುರುಗಳ ಸಂಘ) ಶಿಕ್ಷಣದ ಅನುಭವ, ಅವಲೋಕನ, ಕ್ರಿಯೆ ಎಂಬ ಕ್ರಮ ತುಂಬಬಲ್ಲದು. ಸಂಜೆ ಎಂಟು ಹತ್ತು ಮಂದಿಯ ಗುಂಪಿಗೆ ಅರ್ಧ ತಾಸು ಸಾಕು: ಈ ನೀರು ಯಾರ ತೋಟಕ್ಕೆ, ಯಾರಿಗೆ ಸಿಗದು, ಯಾಕೆ? ಆ ಅರ್ಧ ತಾಸನ್ನು ನುಂಗುವುದು ಮುಖ್ಯ ಅತಿಥಿಗಳ ಭಾಷಣ. ಅವರನ್ನು ಸಮಾರೋಪಕ್ಕಷ್ಟೇ ಕರೆಯುವುದು ಲೇಸು. ಪ್ರಾರ್ಥನೆ ಬೇಕಾದವರಿಗೆ ಬೇರೆ ಹೊತ್ತಿನಲ್ಲಿರಲಿ. ಊರ ಕೆಲಸದ ಜೊತೆ ಬೆರೆಸಿದರೆ ಊರವರಿಗೆ ಅನುಮಾನ, ಬೇರೆ ಧರ್ಮದ ಸ್ವಯಂಸೇವಕರಿಗೆ ಇರುಸುಮುರುಸು.

ಶಿಬಿರಕ್ಕೆ ಮೊದಲೇ ಪಂಚಾಯಿತಿಯ ಒಪ್ಪಿಗೆಯ ಜೊತೆ ಎರಡೂ ದಡದ ಜಾಗದವರ ಒಪ್ಪಿಗೆಯೂ ಬೇಕು. ಮಳೆಗಾಲಕ್ಕೆ ಮುಂಚೆ ಚೀಲ ತೆಗೆಯದಿದ್ದರೆ ಹರಿದ ಪ್ಲಾಸ್ಟಿಕ್ ಗದ್ದೆ ಸೇರುತ್ತದೆ. ಆಗ ವಿದ್ಯಾರ್ಥಿಗಳು ಇರುವುದಿಲ್ಲ. ತೆಗೆಯುವವರು ಯಾರು ಎಂಬುದನ್ನು ಅದೇ ಒಪ್ಪಿಗೆ ಪತ್ರದಲ್ಲಿ ಬರೆಸಿಕೊಳ್ಳಿ.