ಹಾಯಿದೋಣಿಯ ಸೋರಿಕೆಗೆ ಸಿಕಾಫ್ಲೆಕ್ಸ್-291ಐ: ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು

ಬೆಂಗಳೂರಿನಲ್ಲಿ ಸೀಲಂಟ್ ಎಂದರೆ ಸ್ನಾನದ ಮನೆಯ ಟೈಲ್ಸ್ ಸಂದು, ತಾರಸಿಯ ಬಿರುಕು, ಹೆಚ್ಚೆಂದರೆ ಅಲ್ಯೂಮಿನಿಯಂ ಕಿಟಕಿಯ ಅಂಚು ನೆನಪಾಗುತ್ತದೆಯೇ ಹೊರತು ದೋಣಿಯಲ್ಲ. ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರ ಹಾಯಿಗಳನ್ನು ದಂಡೆಯಿಂದ ನೋಡಿದವರು ಬಹಳ ಮಂದಿ ಇದ್ದರೂ, ಸ್ವಂತ ಹಾಯಿದೋಣಿಯನ್ನು ಟ್ರೇಲರ್ ಮೇಲೆ ನಿಲ್ಲಿಸಿಕೊಂಡವರು ಈ ಊರಿನಲ್ಲಿ ಬೆರಳೆಣಿಕೆಯಷ್ಟು. ಲೇಸರ್ ಎಂಬ ಮಾದರಿಯ, ನಮ್ಮ ಗುಂಪಿನ ಹಳೆಯ ಸಣ್ಣ ಹಾಯಿದೋಣಿಯ ದುರಸ್ತಿಗೆ ಸಿಕಾಫ್ಲೆಕ್ಸ್-291ಐ ಎಂಬ ಮರೈನ್ ಸೀಲಂಟ್ ಬಳಸಿದ್ದೇವೆ. ಅದರ ಗುಣದೋಷಗಳನ್ನು ಅಂಥವರ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ: ವಸ್ತು ಉತ್ತಮವಾಗಿದೆ. ಆದರೆ ನೀರು ಎಲ್ಲಿಂದ ಬರುತ್ತಿದೆ ಎಂಬುದು ಖಚಿತವಾಗದೆ ಈ ಟ್ಯೂಬಿನ ಮೂತಿ ಕತ್ತರಿಸುವುದು ದುಡ್ಡು ದಂಡ ಮಾಡಿದಂತೆ. ಲೇಸರ್ ದೋಣಿಯ ಉದ್ದ 4.23 ಮೀಟರ್, ಬರಿಯ ಒಡಲಿನ ತೂಕ ಸುಮಾರು 59 ಕಿಲೋ. ಫೈಬರ್‌ಗ್ಲಾಸಿನ ಎರಡು ಚಿಪ್ಪುಗಳನ್ನು, ಅಂದರೆ ತಳದ ಹಲ್ ಮತ್ತು ಮೇಲಿನ ಡೆಕ್ ಅನ್ನು, ಅಂಚಿನಲ್ಲಿ ಅಂಟಿಸಿ ಇದನ್ನು ಕಟ್ಟಿರುವುದರಿಂದ ನಡುವಿನ ಟೊಳ್ಳು ಹೊರಗಿನಿಂದ ಕಾಣಿಸುವುದೇ ಇಲ್ಲ. ಒಳಗೆ ಹತ್ತು ಲೀಟರ್ ನೀರು ಸೇರಿದರೆ ದೋಣಿಗೆ ಹತ್ತು ಕಿಲೋ ಭಾರ ಕೂಡಿತು. ಆ ಭಾರ ಒಂದೆಡೆ ನಿಲ್ಲದೆ, ದೋಣಿ ವಾಲಿದ ಕಡೆಗೇ ಹರಿದು ಇನ್ನಷ್ಟು ವಾಲಿಸುತ್ತದೆ.

ಸೋರಿಕೆ ಹುಡುಕಲು ನಾವು ನಂಬಿರುವುದು ಗಾಳಿ ಮತ್ತು ಸೋಪಿನ ನೀರನ್ನು. ಕಾಕ್‌ಪಿಟ್‌ನ, ಅಂದರೆ ನಡೆಸುವವರು ಕಾಲಿಡುವ ತಗ್ಗಿನ, ಮುಂದಿನ ಗೋಡೆಯಲ್ಲಿ ಡೆಕ್ಕಿನ ಅಂಚಿಗೆ ಮರೆಯಾಗಿರುವ ಸಣ್ಣ ಗಾಳಿರಂಧ್ರವನ್ನು ಟೇಪಿನಿಂದ ಮುಚ್ಚಿ, ಹಿಂಬದಿಯ ಡ್ರೈನ್ ಪ್ಲಗ್ ತೆಗೆದು, ಆ ತೂತಿಗೆ ವ್ಯಾಕ್ಯೂಮ್ ಕ್ಲೀನರಿನ ಗಾಳಿ ಹೊರಬಿಡುವ ಬಾಯಿಯಿಂದ ಪೈಪು ಕೊಟ್ಟು ಹಗುರವಾಗಿ ಊದಬೇಕು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಅನ್ನು ಮಾತ್ರ ಹತ್ತಿರ ಸೇರಿಸಬಾರದು, ಏಕೆಂದರೆ ಅದರ ಒತ್ತಡಕ್ಕೆ ಹಲ್ ಮತ್ತು ಡೆಕ್ಕಿನ ಬೆಸುಗೆಯೇ ಬಿಟ್ಟುಕೊಳ್ಳಬಹುದು. ಒಬ್ಬರು ಊದುತ್ತಿರುವಾಗ ಇನ್ನೊಬ್ಬರು ಪಾತ್ರೆ ತೊಳೆಯುವ ಸೋಪನ್ನು ನೀರಿನಲ್ಲಿ ಕದಡಿ, ಅಂಚಿನ ಬೆಸುಗೆ, ಡ್ಯಾಗರ್‌ಬೋರ್ಡ್ (ದೋಣಿ ಪಕ್ಕಕ್ಕೆ ಜಾರದಂತೆ ನೀರಿಗೆ ಇಳಿಸುವ ಹಲಗೆ) ಇಳಿಯುವ ಸೀಳು, ಬೈಲರ್ (ಕಾಕ್‌ಪಿಟ್‌ನ ನೀರು ಹೊರಹೋಗುವ ಕಂಡಿ), ಚುಕ್ಕಾಣಿಯ ಕೀಲುಗಳು ಮತ್ತು ಪ್ರತಿಯೊಂದು ಸ್ಕ್ರೂವಿನ ತಲೆಯ ಮೇಲೆ ಬ್ರಷ್‌ನಿಂದ ಹಚ್ಚುತ್ತಾ ಹೋಗಬೇಕು. ನಮ್ಮ ದೋಣಿಯಲ್ಲಿ ಎಲ್ಲರ ಅನುಮಾನ ಅಂಚಿನ ಬೆಸುಗೆಯ ಮೇಲಿತ್ತು. ಅಲ್ಲಿ ಏನೂ ಕಾಣಲಿಲ್ಲ. ಚುಕ್ಕಾಣಿಯ ಕೆಳಗಿನ ಕೀಲಿನ ಒಂದು ಸ್ಕ್ರೂ ಸುತ್ತ ಮಾತ್ರ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಎದ್ದು, ಕ್ಷಣದಲ್ಲಿ ಬಿಳಿ ನೊರೆಯ ಗೊಂಚಲಾಗಿ ಲೋಹದ ಪಟ್ಟಿಯ ಮೇಲಿಂದ ಜಾರಿತು.

ಬೆಂಗಳೂರಿನವರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ನಮ್ಮ ಊರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿಯ ವಾಯುಭಾರ ಕರಾವಳಿಯದ್ದಕ್ಕಿಂತ ಹತ್ತರಲ್ಲಿ ಒಂದು ಪಾಲಿನಷ್ಟು ಕಡಿಮೆ. ಇಲ್ಲಿ ಪ್ಲಗ್ ಬಿಗಿದ ದೋಣಿ, ಗಾಳಿರಂಧ್ರ ಕಟ್ಟಿಕೊಂಡ ಸ್ಥಿತಿಯಲ್ಲಿ ಶಿರಾಡಿ ಘಾಟಿ ಇಳಿದು ಮಲ್ಪೆ ಸೇರಿದರೆ, ಹೊರಗಿನ ಒತ್ತಡ ಸೂಜಿಮೊನೆಯಷ್ಟು ತೂತು ಸಿಕ್ಕರೂ ಸಾಕೆಂದು ನೀರನ್ನು ಒಳಕ್ಕೆ ನೂಕುತ್ತದೆ. ಬಿಸಿಲಿಗೆ ಕಾದ ದೋಣಿಯನ್ನು ತಣ್ಣೀರಿಗೆ ಇಳಿಸಿದಾಗಲೂ ಒಳಗಿನ ಗಾಳಿ ಕುಗ್ಗಿ ಇದೇ ಆಗುತ್ತದೆ. ಆದ್ದರಿಂದ ಟ್ರೇಲರ್ ಮೇಲಿರುವಷ್ಟು ಹೊತ್ತು ಪ್ಲಗ್ ತೆಗೆದೇ ಇರಬೇಕು, ಗಾಳಿರಂಧ್ರವನ್ನು ಜಾಣತನವೆಂದುಕೊಂಡು ಸೀಲಂಟ್‌ನಿಂದ ಮುಚ್ಚಲೇಬಾರದು.

ಇನ್ನು ಸೀಲಂಟ್ ವಿಷಯ. ಇದು ಗಾಳಿಯ ತೇವಾಂಶವನ್ನು ಹೀರಿಕೊಂಡು ಗಟ್ಟಿಯಾಗುವ ಪಾಲಿಯುರೆಥೇನ್. ಹಚ್ಚಿ ಸುಮಾರು ಒಂದು ಗಂಟೆಯಲ್ಲಿ ಮೇಲೆ ಪೊರೆ ಕಟ್ಟುತ್ತದೆಯಾದರೂ ಒಳಗೆ ಗಟ್ಟಿಯಾಗಲು ದಿನಗಳೇ ಬೇಕು. ಫೆಬ್ರವರಿ, ಮಾರ್ಚ್ ತಿಂಗಳ ನಮ್ಮ ಒಣಹವೆಯಲ್ಲಿ ಮಳೆಗಾಲಕ್ಕಿಂತ ನಿಧಾನ. ಗಟ್ಟಿಯಾದ ಮೇಲೂ ರಬ್ಬರಿನಂತೆ ಬಾಗುವ ಗುಣ ಉಳಿಸಿಕೊಳ್ಳುವುದರಿಂದ ಚುಕ್ಕಾಣಿಯ ಎಳೆತಕ್ಕೆ ಸಂದು ಬಿಡುವುದಿಲ್ಲ. ಸಾಮಾನ್ಯ ಸಿಲಿಕೋನ್‌ಗಿಂತ ಇದನ್ನು ಮೆಚ್ಚಲು ನನಗಿರುವ ದೊಡ್ಡ ಕಾರಣ ಬೇರೆಯೇ ಇದೆ. ಸಿಲಿಕೋನ್ ಒಮ್ಮೆ ತಾಗಿದ ಜಾಗದಲ್ಲಿ ಅದರ ಜಿಡ್ಡು ಉಳಿದು, ಮುಂದೆ ಬಣ್ಣವಾಗಲಿ ಎಪಾಕ್ಸಿ ಎಂಬ ಗಟ್ಟಿ ಅಂಟಾಗಲಿ ಕಚ್ಚಿಕೊಳ್ಳುವುದಿಲ್ಲ. ಹಿಂದಿನ ಮಾಲೀಕರು ಧಾರಾಳವಾಗಿ ಬಳಿದಿದ್ದ ಸಿಲಿಕೋನನ್ನು ಕೆರೆದು ತೆಗೆಯುವುದರಲ್ಲೇ ನಮ್ಮ ಹೆಚ್ಚಿನ ಹೊತ್ತು ಕಳೆಯಿತು.

ಹಚ್ಚುವ ಕ್ರಮ ಸರಳ: ಸ್ಕ್ರೂ ಬಿಚ್ಚಿ, ತೂತನ್ನು ಪೂರ್ತಿ ಒಣಗಿಸಿ, ಅದರ ಬಾಯಿಯನ್ನು ದೊಡ್ಡ ಡ್ರಿಲ್ ಬಿಟ್‌ನಿಂದ ಕೈಯಲ್ಲೇ ತುಸು ಅಗಲಿಸಿದರೆ ಸೀಲಂಟ್ ಸ್ಕ್ರೂವಿನ ಕೊರಳ ಸುತ್ತ ಉಂಗುರದಂತೆ ಕೂರಲು ಜಾಗ ಸಿಗುತ್ತದೆ. ಒಂದೇ ಸಲಕ್ಕೆ ಬಲವಾಗಿ ಬಿಗಿದರೆ ಅಷ್ಟೂ ಹೊರಗೆ ಹಿಂಡಿಹೋಗಿ ಒಳಗೆ ಏನೂ ಉಳಿಯುವುದಿಲ್ಲ. ಲೋಹದ ಪಟ್ಟಿಯ ಕೆಳಗೆ ತೆಳುವಾದ ಪದರ ಉಳಿಯುವಂತೆ ಕೈ ತಡೆಯಬೇಕು.

ಎಲ್ಲಿ ಸಲ್ಲದು ಎಂಬುದಕ್ಕೆ ಹಾಯಿಕಂಬ ನಿಲ್ಲುವ ಕೊಳವೆಯೇ ದೊಡ್ಡ ಉದಾಹರಣೆ. ಅದರೊಳಗೆ ನೀರು ತುಂಬಿ, ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ ಒಂದು ಗಂಟೆ ಬಿಟ್ಟು ನೋಡಬೇಕು. ನೀರು ಇಳಿದಿದ್ದರೆ ಕೊಳವೆಯ ಬುಡದ ಅಂಟು ಬಿಡುತ್ತಿದೆ ಎಂದರ್ಥ. ಗಾಳಿ ತುಂಬಿದ ಹಾಯಿಯ ಪೂರ್ತಿ ಬಲ ಬೀಳುವುದು ಅಲ್ಲಿಯೇ ಆದ್ದರಿಂದ, ಮೇಲಿಂದ ಸೀಲಂಟ್ ಸುರಿದು ನೀರು ನಿಲ್ಲಿಸಿದರೂ ಕಂಬ ಡೆಕ್ಕನ್ನು ಸೀಳಿಕೊಂಡು ಬರುವ ಅಪಾಯ ಹಾಗೇ ಉಳಿಯುತ್ತದೆ. ಡೆಕ್ಕಿನಲ್ಲಿ ಕೈ ತೂರುವಷ್ಟು ತೂತು ಕೊರೆದು, ಒಳಗಿನಿಂದ ಎಪಾಕ್ಸಿ ಮತ್ತು ಗ್ಲಾಸ್ ಬಟ್ಟೆ ಹಾಕಿಸಿ, ಆ ತೂತಿಗೆ ತಿರುಗಿಸುವ ಮುಚ್ಚಳ ಕೂರಿಸುವುದೊಂದೇ ದಾರಿ. ಪೀಣ್ಯದ ಫೈಬರ್‌ಗ್ಲಾಸ್ ಕೆಲಸಗಾರರು ದೋಣಿಯನ್ನೇ ನೋಡಿರದಿದ್ದರೂ ಈ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಬಲ್ಲರು. ಅಕ್ರಿಲಿಕ್ ಅಥವಾ ಪಾಲಿಕಾರ್ಬೊನೇಟ್ ಕಿಟಕಿಗಳಿರುವ ದೊಡ್ಡ ದೋಣಿಯವರು ಆ ಜಾಗಕ್ಕೆ 291ಐ ಬಳಸಬಾರದು. ಅಂಥ ಪ್ಲಾಸ್ಟಿಕ್ಕಿನಲ್ಲಿ ಬಿರುಕು ಮೂಡಬಹುದು.

ಕೊಳ್ಳುವಾಗ ಅಂಗಡಿಯಲ್ಲಿ ಬರಿದೇ ‘ಸಿಕಾಫ್ಲೆಕ್ಸ್ ಕೊಡಿ’ ಎಂದರೆ ಕಟ್ಟಡದ ಕೆಲಸದ್ದು ಕೈಗೆ ಬರುವ ಸಂಭವವೇ ಹೆಚ್ಚು, ಆದ್ದರಿಂದ ಟ್ಯೂಬಿನ ಮೇಲಿನ ಸಂಖ್ಯೆಯನ್ನೂ ಅವಧಿ ಮುಗಿಯುವ ದಿನಾಂಕವನ್ನೂ ಓದಿಯೇ ದುಡ್ಡು ಕೊಡಿ. ಬೆಲೆ ಸ್ನಾನದ ಮನೆಯ ಸಿಲಿಕೋನ್‌ಗಿಂತ ಎಷ್ಟೋ ಹೆಚ್ಚು. 300 ಮಿಲಿಲೀಟರಿನ ಟ್ಯೂಬ್ ಒಂದು ಸಣ್ಣ ದೋಣಿಗೆ ಮಿಕ್ಕುತ್ತದೆ, ಮಿಕ್ಕದ್ದು ಮೂತಿಗೆ ಸ್ಕ್ರೂ ಚುಚ್ಚಿ ಪ್ಲಾಸ್ಟಿಕ್ ಸುತ್ತಿಟ್ಟರೂ ಹೆಚ್ಚು ಕಾಲ ಉಳಿಯುವುದಿಲ್ಲ. ಗುಂಪಿನಲ್ಲಿ ಇನ್ನೊಬ್ಬರ ದೋಣಿಯೂ ಸೋರುತ್ತಿದ್ದರೆ ಎರಡನ್ನೂ ಒಂದೇ ವಾರಾಂತ್ಯಕ್ಕೆ ಇಟ್ಟುಕೊಂಡು ಒಂದೇ ಟ್ಯೂಬಿನಲ್ಲಿ ಮುಗಿಸಿಬಿಡಿ.