ನಾಲ್ಕು ಶನಿವಾರಗಳ ಬೈಬಲ್ ಅಧ್ಯಯನ ತರಗತಿ

ಧನದ ಮೇಲಿನ ಭರವಸೆ ಮತ್ತು ದೇವರ ಮೇಲಿನ ವಿಶ್ವಾಸವನ್ನು ಕುರಿತು ಬೆಂಗಳೂರಿನ ಚರ್ಚೊಂದು ನಾಲ್ಕು ಶನಿವಾರ ಸಂಜೆ ಕನ್ನಡದಲ್ಲಿ ನಡೆಸಿದ ಅಧ್ಯಯನ ತರಗತಿಗೆ ನಾನು ತಪ್ಪದೆ ಹೋಗಿದ್ದೆ. ಶುಲ್ಕವಿರಲಿಲ್ಲ.

ಎರಡನೆಯ ವಾರದ ಪಾಠವೇ ತರಗತಿಯ ತಿರುಳು. ಹಳೆಯ ಕಣಜಗಳನ್ನು ಕೆಡವಿ ದೊಡ್ಡವನ್ನು ಕಟ್ಟಲು ಹೊರಟ ಐಶ್ವರ್ಯವಂತನ ಸಾಮ್ಯವನ್ನು, ಅಂದರೆ ನೀತಿಕಥೆಯನ್ನು, ಯೇಸು ಹೇಳಿದ್ದು, ಒಬ್ಬನು ತನ್ನ ಸಹೋದರನಿಂದ ಆಸ್ತಿಯ ಪಾಲು ಕೊಡಿಸಬೇಕೆಂದು ಕೇಳಿದಾಗ ಎಂಬುದನ್ನು ಬೋಧಕರು ಲೂಕನ ಸುವಾರ್ತೆಯ 12ನೆಯ ಅಧ್ಯಾಯದಿಂದ ನಿಧಾನವಾಗಿ ಬಿಡಿಸಿ ತೋರಿಸಿದರು. ನನ್ನ ಪಕ್ಕದ ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು. ಸೈಟಿನ ಪಾಲಿಗೆ ಜಗಳವಾಡದ ಮನೆ ಈ ಊರಿನಲ್ಲಿ ಎಷ್ಟಿವೆಯೋ! ತಿಮೊಥೆಯನಿಗೆ ಬರೆದ ಮೊದಲ ಪತ್ರದ 6ನೆಯ ಅಧ್ಯಾಯವು ಕೇಡಿನ ಮೂಲವೆನ್ನುವುದು ಹಣವನ್ನಲ್ಲ, ಹಣದಾಸೆಯನ್ನು. ಅಸ್ಥಿರವಾದ ಐಶ್ವರ್ಯದ ಮೇಲೆ ನಿರೀಕ್ಷೆಯಿಡದೆ ಉದಾರವಾಗಿ ಹಂಚಿಕೊಳ್ಳಬೇಕೆಂದು ಉಳ್ಳವರಿಗೆ ಅದು ಹೇಳುತ್ತದೆ. ಬ್ಯಾಂಕಿನಲ್ಲಿ ಠೇವಣಿ ಇಡುವುದು ಪಾಪವೇ ಎಂದು ಯುವತಿಯೊಬ್ಬಳು ಕೇಳಿದಾಗ, “ಠೇವಣಿ ಇರಲಿ ಅಮ್ಮ, ರಾತ್ರಿ ನಿದ್ದೆ ಬರುವುದು ಅದರಿಂದಲೋ ಎಂದು ನೋಡಿಕೊ” ಎಂದರು ಬೋಧಕರು.

ಮೂರನೆಯ ವಾರ ಸಪ್ಪೆಯಾಗಿತ್ತು. ಐಶ್ವರ್ಯವಂತನು ದೇವರ ರಾಜ್ಯ ಸೇರುವುದಕ್ಕಿಂತ ಒಂಟೆಯು ಸೂಜಿಯ ಕಣ್ಣಿನಲ್ಲಿ ನುಗ್ಗುವುದು ಸುಲಭ ಎಂದು ಯೇಸು ಹೇಳಿದ ಮಾತಿದೆ. ಆ ಸೂಜಿಯ ಕಣ್ಣೆಂದರೆ ಯೆರೂಸಲೇಮಿನ ಕಿರುಬಾಗಿಲು ಎಂಬ, ಪ್ರಾಚೀನ ಆಧಾರವಿಲ್ಲದ ಕಥೆಯನ್ನು ಹೇಳಿ ಆ ಮಾತಿನ ಮೊನೆಯನ್ನೇ ಮೊಂಡಾಗಿಸಿದರು. ಮೈಕು ಕೊನೆಯವರೆಗೂ ಕೀರಲು ದನಿ ಮಾಡುತ್ತಲೇ ಇತ್ತು.

ನನಗೆ ನಿಜವಾಗಿ ಬೇಸರವಾದದ್ದು ಕಡೆಯ ದಿನ, ಕಟ್ಟಡ ನಿಧಿಗೆ ಕೊಟ್ಟವರ ಹೆಸರುಗಳನ್ನು ಮೊತ್ತದ ಸಹಿತ ಓದಿದಾಗ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಮತ್ತಾಯನ ಸುವಾರ್ತೆಯ ಪಾಠವನ್ನು ಮೊದಲ ವಾರವೇ ಮುಗಿಸಿದ್ದರು.